80 ದಾಟಿದರೆ ಕಾರು ನಡುಗುತ್ತದೆಯೇ? ‘ಹಳೇ ಗಾಡಿ ಅಲ್ವಾ’ ಎಂದು ಸುಮ್ಮನಾಗುವ ಮುನ್ನ ಇದನ್ನು ಓದಿ

ಹಳೇ ಕಾರು ಹೈವೇಯಲ್ಲಿ ನಡುಗುತ್ತದೆ ಎಂದು ಯಾವುದಾದರೂ ವಾಟ್ಸಾಪ್ ಗುಂಪಿನಲ್ಲಿ ಹೇಳಿ ನೋಡಿ. ಉತ್ತರಗಳು ಸಿದ್ಧವಾಗಿರುತ್ತವೆ. “ವಯಸ್ಸಾದ ಗಾಡಿ, 80ರ ಮೇಲೆ ಅದುರೋದು ಮಾಮೂಲಿ.” “ಅಲೈನ್‌ಮೆಂಟ್ ಮಾಡಿಸಿ, ಸರಿಹೋಗುತ್ತೆ.” “ನೈಟ್ರೋಜನ್ ಹಾಕಿಸಿ.” “ಟೈರಲ್ಲಿ ಗಾಳಿ ಸ್ವಲ್ಪ ಕಡಿಮೆ ಇಡಿ, ಮೆತ್ತಗೆ ಓಡುತ್ತೆ.” ಇವುಗಳಲ್ಲಿ ಮೊದಲನೆಯದು ತಪ್ಪು, ನಡುವಿನ ಎರಡು ಹೆಚ್ಚಿನ ಸಲ ದುಡ್ಡು ದಂಡ, ಕೊನೆಯದು ಅಪಾಯಕಾರಿ.

ಕಾರಿಗೆ ವಯಸ್ಸಾಯಿತೆಂದು ನಡುಕ ಬರುವುದಿಲ್ಲ. ತಿರುಗುವ ಒಂದು ಭಾಗ ಸಮತೋಲ ತಪ್ಪಿರುತ್ತದೆ, ಬಾಗಿರುತ್ತದೆ, ಇಲ್ಲವೇ ಸವೆದು ಸಡಿಲವಾಗಿರುತ್ತದೆ. ಆ ಭಾಗ ಸೆಕೆಂಡಿಗೆ ಎಷ್ಟು ಸುತ್ತು ತಿರುಗುತ್ತದೋ ಅದೇ ಲೆಕ್ಕದಲ್ಲಿ, ಅಥವಾ ಅದರ ಎರಡು-ಮೂರು ಪಟ್ಟು ಲೆಕ್ಕದಲ್ಲಿ ಕಾರು ಅದುರುತ್ತದೆ. ಹಾಗಾಗಿ ಪ್ರತಿ ನಡುಕಕ್ಕೂ ಒಂದು ಎಣಿಕೆ ಇದೆ. ಆ ಎಣಿಕೆ ಸಿಕ್ಕರೆ ತಪ್ಪು ಮಾಡುತ್ತಿರುವ ಭಾಗ ಯಾವುದೆಂದು ಬಹುಪಾಲು ಗೊತ್ತಾದಂತೆ. ಅದನ್ನು ಬಿಟ್ಟು ಊಹೆಯ ಮೇಲೆ ಒಂದೊಂದೇ ಸಾಮಾನು ಬದಲಿಸುತ್ತಾ ಹೋದರೆ ಬಿಲ್ಲು ಬೆಳೆಯುತ್ತದೆ, ನಡುಕ ಹಾಗೇ ಇರುತ್ತದೆ.

60ರಲ್ಲಿ ಇಲ್ಲದ್ದು 90ರಲ್ಲಿ ಯಾಕೆ?

ತಿರುಗುವ ವಸ್ತುವಿನ ಒಂದು ಬದಿಯಲ್ಲಿ ಭಾರ ಹೆಚ್ಚಿದ್ದರೆ ಅದು ಹೊರಕ್ಕೆ ಎಳೆಯುತ್ತದೆ. ಆ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಸಣ್ಣ ಕಾರಿನ 13 ಇಂಚಿನ ರಿಮ್ಮಿನ ಅಂಚಿನಲ್ಲಿ 20 ಗ್ರಾಂ ವ್ಯತ್ಯಾಸ ಇದೆ ಎಂದುಕೊಳ್ಳಿ. ಗಂಟೆಗೆ 45 ಕಿ.ಮೀ. ವೇಗದಲ್ಲಿ ಅದು ಅರ್ಧ ಕೆ.ಜಿ.ಗಿಂತ ತುಸು ಹೆಚ್ಚು ಭಾರದಷ್ಟು ಬಲದಿಂದ ಎಳೆಯುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. 90ರಲ್ಲಿ ಅದೇ 20 ಗ್ರಾಂ ಸುಮಾರು ಎರಡೂವರೆ ಕೆ.ಜಿ.ಯಷ್ಟು ಬಲದಿಂದ, ಸೆಕೆಂಡಿಗೆ 14 ಸಲ, ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ ಜಗ್ಗುತ್ತದೆ.

ಇದರ ಜೊತೆಗೆ ಅನುರಣನವೂ ಸೇರಿಕೊಳ್ಳುತ್ತದೆ. ಉಯ್ಯಾಲೆಯನ್ನು ಅದರದೇ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳಿಗೂ ಎತ್ತರಕ್ಕೆ ಹೋಗುತ್ತದಲ್ಲ, ಹಾಗೆ. ಚಕ್ರ ಮತ್ತು ಸಸ್ಪೆನ್ಷನ್‌ಗೂ ತಮ್ಮದೇ ಲಯ ಇದೆ, ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15 ಸಲದ ಆಸುಪಾಸು. ಚಕ್ರ ಅಷ್ಟು ಸುತ್ತು ತಿರುಗುವ ವೇಗ ಬಂದಾಗ ಸ್ಟೇರಿಂಗ್ ಗಡಗಡ ಅನ್ನುತ್ತದೆ, ಅದನ್ನು ದಾಟಿದರೆ ಕಡಿಮೆಯಾಗುತ್ತದೆ. “110ಕ್ಕೆ ಹೋದ್ರೆ ನಿಂತುಬಿಡುತ್ತೆ, ಆದ್ದರಿಂದ ಸಮಸ್ಯೆ ಏನಿಲ್ಲ” ಎಂಬ ವಾದ ಹುಟ್ಟುವುದು ಇಲ್ಲಿಂದಲೇ. ಕಾಣುವ ನಡುಕ ಕಡಿಮೆಯಾಗಿದೆ ಅಷ್ಟೇ, ಬೇರಿಂಗು ಮತ್ತು ಜಾಯಿಂಟುಗಳ ಮೇಲೆ ಬೀಳುವ ಹೊಡೆತ ಇನ್ನೂ ಹೆಚ್ಚಾಗಿದೆ.

ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯಂಥ ರಸ್ತೆಗಳು ಬಂದ ಮೇಲೆ ಈ ದೂರು ಹೆಚ್ಚು ಕೇಳಿಬರುವುದರಲ್ಲಿ ಆಶ್ಚರ್ಯವಿಲ್ಲ. ಊರು, ಹಂಪು, ಸಿಗ್ನಲ್ಲುಗಳ ನಡುವೆ 60ರಲ್ಲಿ ಓಡುತ್ತಿದ್ದ ಕಾರು ಈಗ ಅರ್ಧ ಗಂಟೆ ಒಂದೇ ಸಮನೆ 90ರಲ್ಲಿ ಓಡುತ್ತದೆ. ಮೊದಲೂ ಇದ್ದ ದೋಷ ಈಗ ಕೈಗೆ ಗೊತ್ತಾಗುತ್ತಿದೆ.

ಮೊದಲು ಎಂಜಿನ್ನನ್ನು ಬೇರೆ ಮಾಡಿ

ಗೇರ್‌ಬಾಕ್ಸಿನಿಂದ ಆಚೆಗೆ ಇರುವುದೆಲ್ಲ, ಅಂದರೆ ಶಾಫ್ಟು, ಆಕ್ಸಲ್, ಚಕ್ರ, ರಸ್ತೆಯ ವೇಗಕ್ಕೆ ತಕ್ಕಂತೆ ಮಾತ್ರ ತಿರುಗುತ್ತವೆ. ಎಂಜಿನ್ ಮಾತ್ರ ಗೇರಿಗೆ ತಕ್ಕಂತೆ ಹೆಚ್ಚು-ಕಡಿಮೆ ತಿರುಗುತ್ತದೆ. ಹುಡುಕಾಟ ಶುರುವಾಗಬೇಕಾದ್ದು ಈ ವ್ಯತ್ಯಾಸದಿಂದ.

ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ನಿಧಾನವಾಗಿ ಒತ್ತಿ. ಹೈವೇಯಲ್ಲಿ ಎಂಜಿನ್ ಎಷ್ಟು ತಿರುಗುತ್ತದೋ ಅಷ್ಟಕ್ಕೆ ತನ್ನಿ. ನಿಂತಲ್ಲೇ ಅದೇ ನಡುಕ ಬಂದರೆ ಚಕ್ರ, ಶಾಫ್ಟು ಮುಟ್ಟಬೇಡಿ. ಎಂಜಿನ್ ಅಥವಾ ಅದನ್ನು ಹಿಡಿದಿರುವ ರಬ್ಬರ್ ಮೌಂಟಿಂಗ್ ನೋಡಿಸಿ.

ನಿಂತಾಗ ಏನೂ ಇಲ್ಲವೇ? ಖಾಲಿ, ನೇರ ರಸ್ತೆಯಲ್ಲಿ ನಡುಕ ಬರುವ ವೇಗಕ್ಕೆ ಹೋಗಿ. ಅದೇ ವೇಗದಲ್ಲಿ ಐದನೇ ಗೇರಿನಿಂದ ನಾಲ್ಕಕ್ಕೆ ಬನ್ನಿ. ಎಂಜಿನ್ ಸದ್ದು ಬದಲಾಗಿ ನಡುಕ ಮಾತ್ರ ಹಾಗೇ ಉಳಿದರೆ ದೋಷ ಗೇರ್‌ಬಾಕ್ಸಿನ ಆಚೆಗಿದೆ. ಆಮೇಲೆ ಎರಡು-ಮೂರು ಸೆಕೆಂಡು ಕ್ಲಚ್ಚು ಒತ್ತಿ. ಆಗಲೂ ಅದುರುತ್ತಿದ್ದರೆ ಚಕ್ರ ಅಥವಾ ಶಾಫ್ಟಿನ ಸಮತೋಲದ ಮೇಲೆ ಅನುಮಾನ ಪಡಿ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಂದು, ಕಾಲು ತೆಗೆದರೆ ಹೋಗುತ್ತಿದ್ದರೆ ಎಳೆತ ಬಿದ್ದಾಗ ಜಗ್ಗುವ ಜಾಯಿಂಟು ಅಥವಾ ಮೌಂಟಿಂಗ್ ಸವೆದಿರಬಹುದು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಅದು ಬ್ರೇಕ್ ಡಿಸ್ಕಿನ ಕಥೆ, ಈ ಲೇಖನದ್ದಲ್ಲ.

ಒಂದು ಎಚ್ಚರಿಕೆ. “ಓಡುವಾಗ ಕೀ ಆಫ್ ಮಾಡಿ ನೋಡಿ, ಎಂಜಿನ್ನೋ ಚಕ್ರವೋ ತಿಳಿಯುತ್ತೆ” ಎಂಬ ಸಲಹೆ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಎಂಜಿನ್ ನಿಂತರೆ ಪವರ್ ಸ್ಟೇರಿಂಗ್ ಗಟ್ಟಿಯಾಗುತ್ತದೆ, ಬ್ರೇಕಿಗೆ ಸಿಗುವ ನೆರವು ಒಂದೆರಡು ಒತ್ತಿಗೇ ಮುಗಿಯುತ್ತದೆ. ಕೀಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಎಳೆದರಂತೂ ಸ್ಟೇರಿಂಗೇ ಲಾಕ್ ಆಗಬಹುದು.

ಎಣಿಕೆಗೆ ಫೋನು ಸಾಕು

ಚಕ್ರ ಎಷ್ಟು ಸುತ್ತು ತಿರುಗುತ್ತದೆ ಎಂದು ತಿಳಿಯಲು ಟೈರಿನ ಕೆಳಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಕಾರನ್ನು ಒಂದು ಸುತ್ತು ತಳ್ಳಿ, ನೆಲದ ಮೇಲೆ ಎಷ್ಟು ದೂರ ಬಂತೆಂದು ಟೇಪಿನಿಂದ ಅಳೆಯಿರಿ. ಸಣ್ಣ ಕಾರುಗಳಲ್ಲಿ ಅದು ಸುಮಾರು 1.8 ಮೀಟರ್, ಬೊಲೆರೊದಂಥ ಗಾಡಿಗಳಲ್ಲಿ 2.1 ಮೀಟರಿನ ಮೇಲೆ ಇರುತ್ತದೆ. ವೇಗವನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಮೀಟರ್ ಎಂಬುದು ಬರುತ್ತದೆ. 90 ಅಂದರೆ 25 ಮೀಟರ್. ಅದನ್ನು ಟೈರಿನ ಸುತ್ತಳತೆಯಿಂದ ಭಾಗಿಸಿ. ಸಣ್ಣ ಕಾರಿಗೆ ಸೆಕೆಂಡಿಗೆ ಸುಮಾರು 14 ಸುತ್ತು, ಬೊಲೆರೊಗೆ ಸುಮಾರು 12. ಕಾರಿನ ಮೀಟರು ನಿಜಕ್ಕಿಂತ ತುಸು ಹೆಚ್ಚು ತೋರಿಸುವುದು ಸಾಮಾನ್ಯ, ಆದ್ದರಿಂದ ವೇಗವನ್ನು ಫೋನಿನ ಜಿಪಿಎಸ್‌ನಲ್ಲಿ ನೋಡಿಕೊಳ್ಳಿ.

ಕಾರು ನಿಜಕ್ಕೂ ಎಷ್ಟು ಸಲ ಅದುರುತ್ತಿದೆ ಎಂದು ಅಳೆಯಲು ಫೋನಿನೊಳಗಿನ ಚಲನೆಯ ಸಂವೇದಕ ಸಾಕು, ಪರದೆ ಅಡ್ಡ-ಉದ್ದ ತಿರುಗುವುದು ಅದರಿಂದಲೇ. ಜರ್ಮನಿಯ ಆಹೆನ್ ನಗರದ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯದವರು ಭೌತಶಾಸ್ತ್ರದ ಪ್ರಯೋಗಗಳಿಗಾಗಿ ರೂಪಿಸಿದ ‘ಫೈಫಾಕ್ಸ್’ ಎಂಬ ಉಚಿತ ಆ್ಯಪ್‌ನಲ್ಲಿ ‘ಆಕ್ಸಿಲರೇಶನ್ ಸ್ಪೆಕ್ಟ್ರಮ್’ ಎಂಬ ಪ್ರಯೋಗವಿದೆ. ಫೋನನ್ನು ಸೀಟಿನ ಮುಂದೆ ನೆಲದ ಮೇಲೆ ಟೇಪ್ ಹಾಕಿ ಅಂಟಿಸಿ. ಕಾರ್ಪೆಟ್ಟು ದಪ್ಪಗಿದ್ದರೆ ಸೀಟಿನ ಕಬ್ಬಿಣದ ಪಟ್ಟಿಗೆ ಅಂಟಿಸಿ. ನಡುಕ ಬರುವ ವೇಗದಲ್ಲಿ ಒಂದೇ ಸಮನೆ ಓಡಿಸಿದರೆ ಗ್ರಾಫಿನಲ್ಲಿ ಎತ್ತರದ ಗೆರೆ ಎಲ್ಲಿ ಏಳುತ್ತದೋ ಅದೇ ಎಣಿಕೆ. ಆ್ಯಪ್ ನೋಡಿಕೊಳ್ಳುವವರು ಪಕ್ಕದ ಸೀಟಿನವರು. ಓಡಿಸುವವರು ಫೋನು ಮುಟ್ಟಬಾರದು. ಕೆಲವು ಫೋನುಗಳ ಸಂವೇದಕ ಸೆಕೆಂಡಿಗೆ 100 ಸಲ ಮಾತ್ರ ಅಳೆಯುತ್ತದೆ, ಅಂಥವುಗಳಲ್ಲಿ 50ರ ಮೇಲಿನ ಕಂಪನ ನಂಬುವಂತೆ ಸಿಗುವುದಿಲ್ಲ. ನಮಗೆ ಬೇಕಾದ್ದು ಹೆಚ್ಚಾಗಿ ಅದರ ಕೆಳಗೇ ಇರುತ್ತದೆ.

ಗೆರೆ ಚಕ್ರದ ಎಣಿಕೆಯಲ್ಲೇ ಎದ್ದರೆ, ಅಂದರೆ 12 ಅಥವಾ 14ರಲ್ಲಿ, ಚಕ್ರವನ್ನು ನೋಡಿ. ಅದರ ನಾಲ್ಕು ಪಟ್ಟಿನ ಆಸುಪಾಸಿನಲ್ಲಿ ಎದ್ದರೆ, ಮತ್ತು ನಿಮ್ಮದು ಹಿಂದಿನ ಚಕ್ರಕ್ಕೆ ಎಳೆತ ಕೊಡುವ ಗಾಡಿಯಾಗಿದ್ದರೆ, ಪ್ರೊಪೆಲ್ಲರ್ ಶಾಫ್ಟ್. ಹಿಂದಿನ ಆಕ್ಸಲ್‌ನ ಕ್ರೌನ್-ಪಿನಿಯನ್ ಗೇರುಗಳಿಂದಾಗಿ ಚಕ್ರ ಒಂದು ಸುತ್ತು ತಿರುಗಲು ಶಾಫ್ಟು ಸುಮಾರು ನಾಲ್ಕು ಸುತ್ತು ತಿರುಗುತ್ತದೆ. ನಿಖರವಾದ ಸಂಖ್ಯೆ ಮಾಡೆಲ್ಲಿನಿಂದ ಮಾಡೆಲ್ಲಿಗೆ ಬೇರೆ.

ಇಲ್ಲೊಂದು ತೊಡಕಿದೆ. ಎಂಜಿನ್ 2400 ಆರ್‌ಪಿಎಂ ಅಂದರೆ ಸೆಕೆಂಡಿಗೆ 40 ಸುತ್ತು. ಶಾಫ್ಟಿನ ಎಣಿಕೆಯೂ ಅಲ್ಲೇ ಹತ್ತಿರದಲ್ಲಿ ಬರುತ್ತದೆ. ಹಿಂದಿನ ಚಕ್ರದ ಹಳೇ ಗಾಡಿಗಳಲ್ಲಿ ನಾಲ್ಕನೇ ಗೇರು ಹೆಚ್ಚಾಗಿ ನೇರ ಗೇರು, ಎಂಜಿನ್ ಮತ್ತು ಶಾಫ್ಟು ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಬರೀ ಗ್ರಾಫು ನಂಬಿದರೆ ಎಂಜಿನ್ನಿನ ತಪ್ಪನ್ನು ಶಾಫ್ಟಿನ ಮೇಲೆ ಹಾಕಿದಂತಾಗುತ್ತದೆ. ಗೇರು ಬದಲಿಸಿ ನೋಡಿ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಚಕ್ರ: ಅಗ್ಗದ್ದು ಮೊದಲು

ಸ್ಟೇರಿಂಗ್ ಕೈಯಲ್ಲಿ ನಡುಗಿದರೆ ಮುಂದಿನ ಚಕ್ರ, ಸೀಟು ಮತ್ತು ನೆಲ ನಡುಗಿದರೆ ಹಿಂದಿನ ಚಕ್ರ ಎಂಬುದು ಗ್ಯಾರೇಜಿನ ಹಳೇ ಲೆಕ್ಕ. ನೂರಕ್ಕೆ ನೂರು ಅಲ್ಲ, ಆದರೆ ಒಳ್ಳೆಯ ಆರಂಭ.

ಟೈರ್ ಅಂಗಡಿಯಲ್ಲಿ ‘ಅಲೈನ್‌ಮೆಂಟ್-ಬ್ಯಾಲೆನ್ಸಿಂಗ್’ ಎಂದು ಒಂದೇ ಉಸಿರಿನಲ್ಲಿ ಹೇಳುವುದರಿಂದ ಎರಡೂ ಒಂದೇ ಎಂದು ಜನ ತಿಳಿದಿದ್ದಾರೆ. ಅಲೈನ್‌ಮೆಂಟ್ ಎಂದರೆ ಚಕ್ರಗಳು ನೋಡುವ ದಿಕ್ಕು ಸರಿಪಡಿಸುವುದು. ಅದು ಕೆಟ್ಟರೆ ಕಾರು ಒಂದು ಬದಿಗೆ ಎಳೆಯುತ್ತದೆ, ಟೈರು ಓರೆಯಾಗಿ ಸವೆಯುತ್ತದೆ. ನಡುಕಕ್ಕೆ ನೇರ ಸಂಬಂಧ ಬ್ಯಾಲೆನ್ಸಿಂಗಿಗೆ. ಬರೀ ನಡುಕವೇ ದೂರಾದರೆ ಮೊದಲು ಅದನ್ನೇ ಕೇಳಿ, ಕೆಲವು ನೂರು ರೂಪಾಯಿಯ ಕೆಲಸ. ಆದರೆ ಮಿಷನ್ನಿಗೆ ಹಾಕುವ ಮೊದಲು ರಿಮ್ಮಿನ ಒಳಬದಿ ತೊಳೆಸಿ. ಮಳೆಗಾಲದಲ್ಲಿ ಮಲೆನಾಡಿಗೆ ಹೋಗಿ ಬಂದ ಕಾರಿನ ರಿಮ್ಮಿನೊಳಗೆ ಒಣಗಿದ ಕೆಂಪು ಮಣ್ಣಿನ ಹೆಂಟೆಯೇ ಸೀಸದ ತೂಕಕ್ಕಿಂತ ಹೆಚ್ಚು ಭಾರ ಇರಬಹುದು. ಹೊರಗೆ ಪಳಪಳ ಹೊಳೆಯುವ ಕಾರಿನಲ್ಲೂ ಒಳಗೆ ಇದು ಕೂತಿರುತ್ತದೆ. ಮಿಷನ್ನಿನಲ್ಲಿ ಚಕ್ರ ತಿರುಗುವಾಗ ಪಕ್ಕದಲ್ಲೇ ನಿಂತು ರಿಮ್ಮಿನ ಅಂಚು ನೋಡಿ. ಗುಂಡಿಗೆ ಬಿದ್ದು ಬಾಗಿದ ರಿಮ್ಮು ಹಾವಿನ ಹಾಗೆ ಓಲಾಡುತ್ತದೆ. ಅದಕ್ಕೆ ಎಷ್ಟು ತೂಕ ಅಂಟಿಸಿದರೂ ಉಪಯೋಗ ಅಷ್ಟಕ್ಕಷ್ಟೆ.

ಇನ್ನು ಟೈರಿನ ವಯಸ್ಸು. ಬದಿಯಲ್ಲಿ ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಕಾರು ಕಡಿಮೆ ಓಡಿದ್ದರೆ ಟೈರಿನ ಗೀರು ಹೊಸದರಂತೆ ಕಾಣುತ್ತದೆ, ರಬ್ಬರು ಮಾತ್ರ ಒಳಗೊಳಗೇ ಹಳತಾಗುತ್ತದೆ. ಒಳಗಿನ ಉಕ್ಕಿನ ಪದರ ಬಿಟ್ಟುಕೊಂಡರೆ ಮೇಲ್ಮೈ ಒಂದು ಕಡೆ ಉಬ್ಬುತ್ತದೆ, ನಡುಕ ದಿನದಿಂದ ದಿನಕ್ಕೆ ಏರುತ್ತದೆ, ಕೊನೆಗೊಂದು ದಿನ ಟೈರು ಸಿಪ್ಪೆ ಸುಲಿದಂತೆ ಕಳಚುತ್ತದೆ. ಉಬ್ಬು ಕಂಡ ಟೈರನ್ನು ಬ್ಯಾಲೆನ್ಸ್ ಮಾಡಿಸಬೇಡಿ, ಬದಲಿಸಿ.

ಗಾಳಿ ಕಡಿಮೆ ಇಡುವ ಸಲಹೆ ಅಪಾಯಕಾರಿ ಎಂದದ್ದು ಇದಕ್ಕೇ ಸಂಬಂಧಿಸಿದ್ದು. ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿನಲ್ಲೂ ಹೆಚ್ಚು ಮಡಚಿಕೊಳ್ಳುತ್ತದೆ, ಬಿಸಿಯೇರುತ್ತದೆ, ಹೈವೇ ವೇಗದಲ್ಲಿ ಸಿಡಿಯುವುದು ಹೆಚ್ಚಾಗಿ ಹೀಗೇ. ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟು ಗಾಳಿ, ಟೈರು ತಣ್ಣಗಿರುವಾಗ, ಅಷ್ಟೇ. ನೈಟ್ರೋಜನ್ ವಿಷಯಕ್ಕೆ ಬಂದರೆ, ಪಂಕ್ಚರ್ ಅಂಗಡಿಯ ಮಾಮೂಲಿ ಗಾಳಿಯಲ್ಲೂ 78% ಅದೇ ಇದೆ. ಸಮತೋಲ ತಪ್ಪಿದ ಚಕ್ರದೊಳಗೆ ಯಾವ ಅನಿಲ ತುಂಬಿದರೂ ಅದು ಅದುರಿಯೇ ಅದುರುತ್ತದೆ.

ಪ್ರೊಪೆಲ್ಲರ್ ಶಾಫ್ಟ್: ಹೆಚ್ಚು ಗೊಂದಲ ಇರುವುದು ಇಲ್ಲೇ

ಅಂಬಾಸಿಡರ್, ಓಮ್ನಿ, ಬೊಲೆರೊ, ಕ್ವಾಲಿಸ್‌ಗಳಲ್ಲಿ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ವರೆಗೆ ಉದ್ದದ ಕೊಳವೆಯೊಂದು ಗಾಡಿಯ ಕೆಳಗೆ ತಿರುಗುತ್ತಿರುತ್ತದೆ. ಹಿಂದಿನ ಆಕ್ಸಲ್ ಹಂಪು-ಗುಂಡಿಗಳಲ್ಲಿ ಮೇಲೆ ಕೆಳಗೆ ಆಡುವುದರಿಂದ ಶಾಫ್ಟು ಸ್ವಲ್ಪ ಓರೆಯಾಗಿಯೇ ಇರಬೇಕು. ಓರೆಯಲ್ಲೂ ತಿರುಗಲೆಂದು ಎರಡೂ ತುದಿಗಳಲ್ಲಿ ಕೂಡುಗಂಟುಗಳಿವೆ. ಗ್ಯಾರೇಜಿನಲ್ಲಿ ಇದಕ್ಕೆ ಯು.ಜೆ. ಕ್ರಾಸ್ ಎನ್ನುತ್ತಾರೆ. 16ನೇ ಶತಮಾನದ ಇಟಲಿಯ ಕಾರ್ಡಾನೊ ಹೆಸರಿನಲ್ಲಿ ಇದು ಕಾರ್ಡನ್ ಜಾಯಿಂಟು, 17ನೇ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಹೆಸರಿನಲ್ಲಿ ಹುಕ್ ಜಾಯಿಂಟು. ಶಾಲೆಯಲ್ಲಿ ಸ್ಪ್ರಿಂಗಿನ ನಿಯಮ ಓದಿದ್ದು ನೆನಪಿದ್ದರೆ, ಅದೇ ಹುಕ್.

ಈ ಕ್ರಾಸಿಗೆ ಒಂದು ವಿಚಿತ್ರ ಗುಣವಿದೆ. ಓರೆಯಾಗಿ ತಿರುಗುವಾಗ ಈ ಕಡೆ ಸಮನಾಗಿ ತಿರುಗಿದರೂ ಆ ಕಡೆ ಪ್ರತಿ ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿ, ಎರಡು ಸಲ ಕಡಿಮೆಯಾಗುತ್ತದೆ. ಒಂದೇ ಕ್ರಾಸಿದ್ದರೆ ಗಾಡಿ ಸದಾ ನಡುಗುತ್ತಿತ್ತು. ಇನ್ನೊಂದು ತುದಿಯ ಕ್ರಾಸು ಅಷ್ಟೇ ಏರಿಳಿತವನ್ನು ತಿರುವುಮುರುವಾಗಿ ಮಾಡಿ ಮೊದಲನೆಯದನ್ನು ಅಳಿಸಿಹಾಕುತ್ತದೆ. ಆದರೆ ಇದಕ್ಕೆ ಎರಡು ಷರತ್ತು: ಶಾಫ್ಟಿನ ಎರಡೂ ತುದಿಯ ಕವೆಗಳು ಒಂದೇ ನೇರದಲ್ಲಿರಬೇಕು, ಎರಡೂ ಕಡೆಯ ಓರೆ ಸಮನಾಗಿರಬೇಕು.

ರಿಪೇರಿ ಆದಮೇಲೆ ಹೊಸ ನಡುಕ ಹುಟ್ಟುವುದು ಹೆಚ್ಚಾಗಿ ಈ ಎರಡು ಷರತ್ತು ಮುರಿದಾಗ. ಕ್ಲಚ್ ಪ್ಲೇಟು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಅದಕ್ಕೆ ಶಾಫ್ಟು ಬಿಚ್ಚಬೇಕು. ಎರಡು ತುಂಡಾಗಿ ಒಂದರೊಳಗೊಂದು ಜಾರುವ ಶಾಫ್ಟಾಗಿದ್ದರೆ ಮತ್ತೆ ಸೇರಿಸುವಾಗ ಒಂದೆರಡು ಹಲ್ಲು ಆಚೀಚೆಯಾದರೂ ಕವೆಗಳ ನೇರ ತಪ್ಪುತ್ತದೆ. ಕ್ಲಚ್ ಕೆಲಸವಾದ ಮರುದಿನದಿಂದಲೇ ಗಾಡಿ ಅದುರುತ್ತಿದೆ ಎಂಬ ದೂರಿಗೆ ಹೊಸ ಕ್ಲಚ್ಚನ್ನು ಬೈಯುವ ಮುನ್ನ ಇದನ್ನು ನೋಡಿಸಿ. ಬಿಚ್ಚುವ ಮೊದಲೇ ಪೇಂಟಿನಿಂದ ಎರಡೂ ಬದಿಗೆ ಗುರುತು ಹಾಕಿಸಿಕೊಂಡರೆ ಈ ತಂಟೆಯೇ ಇಲ್ಲ. ಬ್ರಷ್ಷಿನ ಎರಡು ಗೆರೆ, ಖರ್ಚು ಸೊನ್ನೆ.

ಎರಡನೇ ಷರತ್ತು ಮುರಿಯುವುದು ನಿಧಾನವಾಗಿ. ಗೇರ್‌ಬಾಕ್ಸಿನ ಕೆಳಗಿನ ರಬ್ಬರ್ ಮೌಂಟಿಂಗ್ ಕುಸಿದರೆ ಮುಂದಿನ ಓರೆ ಬದಲಾಗುತ್ತದೆ. ಹೆಚ್ಚು ಸಾಮಾನು ಹೇರಲೆಂದು ಹಿಂದಿನ ಲೀಫ್ ಸ್ಪ್ರಿಂಗಿಗೆ ಒಂದು ಪ್ಲೇಟು ಜಾಸ್ತಿ ಸೇರಿಸಿದರೆ ಹಿಂದಿನ ಓರೆ ಬದಲಾಗುತ್ತದೆ. ಅಂಥ ಗಾಡಿ ಖಾಲಿ ಇದ್ದಾಗ ಅದುರಿ, ಜನ ತುಂಬಿದಾಗ ಸುಮ್ಮನಾಗುವುದುಂಟು. ಮೆಕ್ಯಾನಿಕ್ಕಿಗೆ ದೂರು ಹೇಳುವಾಗ ಇದನ್ನೂ ಸೇರಿಸಿ ಹೇಳಿ. ಇಂಥ ಒಂದು ಮಾತು ಅರ್ಧ ದಿನದ ಹುಡುಕಾಟ ಉಳಿಸಬಹುದು.

ಕ್ರಾಸೇ ಸವೆದಿದ್ದರೆ ಲಕ್ಷಣಗಳು ಬೇರೆ. ಗಾಡಿ ಎತ್ತುವಾಗ, ರಿವರ್ಸ್ ಹಾಕುವಾಗ ಕೆಳಗಿನಿಂದ ‘ಟಣ್’ ಎಂಬ ಸದ್ದು. ನಿಧಾನಕ್ಕೆ ಓಡುವಾಗ ಗುಬ್ಬಚ್ಚಿಯ ಹಾಗೆ ಚಿಂವ್ ಚಿಂವ್. ಕ್ರಾಸಿನ ಮುಚ್ಚಳದ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗಿನಲ್ಲಿ ಗ್ರೀಸು ಒಣಗಿದೆ ಎಂದರ್ಥ. ಎಂಜಿನ್ ಆಫ್ ಮಾಡಿ, ಸಮತಟ್ಟು ನೆಲದಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು, ಶಾಫ್ಟನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ಸಡಿಲ ಗೊತ್ತಾಗುತ್ತದೆ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ತೂರಬೇಡಿ. ಜಾಕಿ ಎತ್ತುವುದಕ್ಕಷ್ಟೇ, ಹೊತ್ತು ನಿಲ್ಲುವುದಕ್ಕೆ ಸ್ಟ್ಯಾಂಡು ಬೇಕು.

ಶಾಫ್ಟಿಗೂ ಬ್ಯಾಲೆನ್ಸಿಂಗ್ ಇದೆ. ಕೊಳವೆಯ ಮೇಲೆ ಅಲ್ಲಲ್ಲಿ ಬೆಸೆದ ಸಣ್ಣ ತಗಡಿನ ಚೂರುಗಳು ಕಸವಲ್ಲ, ಅವೇ ಸಮತೋಲದ ತೂಕ. ಒಂದು ಉದುರಿದರೂ, ಕಲ್ಲು ಬಡಿದು ಕೊಳವೆ ತಗ್ಗಾದರೂ ನಡುಕ ಬರುತ್ತದೆ. ಕರಾವಳಿಯವರಿಗೆ ಇನ್ನೊಂದು ಮಾತು: ತುಕ್ಕು ಹಿಡಿಯಬಾರದೆಂದು ಅಂಡರ್‌ಬಾಡಿ ಕೋಟಿಂಗ್ ಮಾಡಿಸುವಾಗ ಆ ಕಪ್ಪು ಲೇಪ ಶಾಫ್ಟಿನ ಮೇಲೂ ದಪ್ಪಗೆ ಬಿದ್ದರೆ ಅದೂ ಸಮತೋಲ ಕೆಡಿಸುತ್ತದೆ. ಶಾಫ್ಟಿಗೆ ಕಾಗದ ಸುತ್ತಿ ಹೊಡೆಯಲು ಹೇಳಿ.

ಮುಂದಿನ ಚಕ್ರದ ಕಾರಾದರೆ

ಮಾರುತಿ 800, ಆಲ್ಟೊ, ಸ್ಯಾಂಟ್ರೊ, ಇಂಡಿಕಾಗಳಲ್ಲಿ ಪ್ರೊಪೆಲ್ಲರ್ ಶಾಫ್ಟೇ ಇಲ್ಲ. ಗೇರ್‌ಬಾಕ್ಸಿನಿಂದ ಮುಂದಿನ ಎರಡು ಚಕ್ರಗಳಿಗೆ ಎರಡು ಗಿಡ್ಡ ಆಕ್ಸಲ್‌ಗಳು, ಪ್ರತಿಯೊಂದಕ್ಕೂ ಒಳಗೊಂದು ಹೊರಗೊಂದು ಜಾಯಿಂಟು. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋಗುವಾಗ ‘ಕಟ ಕಟ’ ಅಂದರೆ ಹೊರಗಿನ ಜಾಯಿಂಟು ಸವೆದಿದೆ. ಹೈವೇಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಕಾರು ಅಡ್ಡಡ್ಡ ನಡುಗಿ, ಕಾಲು ತೆಗೆದರೆ ನಿಂತರೆ ಅನುಮಾನ ಒಳಗಿನದರ ಮೇಲೆ. ಮೂರು ಉರುಳೆಗಳ ಮೇಲೆ ನಡೆಯುವ ಒಳ ಜಾಯಿಂಟಾಗಿದ್ದರೆ ಒಂದು ಸುತ್ತಿಗೆ ಮೂರು ಸಲ ಜಗ್ಗುತ್ತದೆ, ಫೋನಿನ ಗ್ರಾಫಿನಲ್ಲಿ ಗೆರೆ ಚಕ್ರದ ಎಣಿಕೆಯ ಮೂರು ಪಟ್ಟಿನಲ್ಲಿ ಏಳುತ್ತದೆ. ಹೈವೇ ನಡುಕಕ್ಕೆ ಹೊರಗಿನ ಜಾಯಿಂಟು ಬದಲಿಸಿಕೊಂಡು ಬಂದು, ನಡುಕ ಹಾಗೇ ಇದೆ ಎನ್ನುವವರು ಕಡಿಮೆಯಿಲ್ಲ. ಜಾಯಿಂಟಿನ ರಬ್ಬರ್ ಬೂಟು ಹರಿದು ರಿಮ್ಮಿನ ಒಳಬದಿಗೆ ಗ್ರೀಸು ಸಿಡಿದಿದೆಯೇ ಎಂದು ಆಗಾಗ ನೋಡಿದರೆ ಸಾಕು. ಹರಿದ ಬೂಟನ್ನು ಬೇಗ ಬದಲಿಸಿದರೆ ಜಾಯಿಂಟು ಉಳಿಯುತ್ತದೆ.

ಗ್ಯಾರೇಜಿನವರೆಗೂ ಓಡಿಸಬಾರದ ನಡುಕ

ಟೈರು ಬಿಚ್ಚಿ ಹಾಕಿಸಿದ ಕೂಡಲೇ ಶುರುವಾದ ನಡುಕವಾದರೆ ರಸ್ತೆ ಬದಿಗೆ ನಿಲ್ಲಿಸಿ, ಚಕ್ರದ ನಟ್ಟುಗಳನ್ನು ಸ್ಪ್ಯಾನರಿನಿಂದ ಪರೀಕ್ಷಿಸಿ. ಸಡಿಲ ನಟ್ಟಿನ ಚಕ್ರ ಓಡುತ್ತಲೇ ಕಳಚಬಹುದು. ಒಂದೇ ಪ್ರಯಾಣದಲ್ಲಿ ಹಠಾತ್ತನೆ ಬಂದು ಏರುತ್ತಲೇ ಹೋಗುವ ನಡುಕವೂ ನಿಲ್ಲಿಸಬೇಕಾದ್ದೇ, ಟೈರಿನ ಪದರ ಕಳಚುತ್ತಿರಬಹುದು. ಒಂದು ಚಕ್ರದಿಂದ ಮಾತ್ರ ಬಿಸಿ ಹಬೆ, ಸುಟ್ಟ ವಾಸನೆ ಬಂದರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗು ಒಣಗಿದೆ, ಕೈಯನ್ನು ಹತ್ತಿರ ಹಿಡಿದು ನೋಡಿ, ಮುಟ್ಟಬೇಡಿ. ಹಿಂದಿನ ಚಕ್ರದ ಗಾಡಿಯಲ್ಲಿ ನಡುಕದ ಜೊತೆ ‘ಟಣ್ ಟಣ್’ ಸದ್ದು ಸೇರಿದ್ದರೆ ಟೋ ಮಾಡಿಸಿ. ಮುಂದಿನ ಕ್ರಾಸು ತುಂಡಾಗಿ ಶಾಫ್ಟಿನ ತುದಿ ನೆಲಕ್ಕೆ ಬಿದ್ದರೆ ಅದು ರಸ್ತೆಗೆ ಚುಚ್ಚಿಕೊಂಡು ಗಾಡಿಯ ಹಿಂಭಾಗವನ್ನೇ ಎತ್ತಿಬಿಡಬಹುದು.

ರಿಪೇರಿ ಮುಗಿದ ಮೇಲೆ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಫೋನನ್ನು ಅದೇ ಜಾಗದಲ್ಲಿ ಅಂಟಿಸಿ ಇನ್ನೊಮ್ಮೆ ಅಳೆಯಿರಿ. ಹಳೇ ಗ್ರಾಫಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದರೆ ಗೆರೆ ಇಳಿದಿದೆಯೇ ಎಂಬುದು ಅಲ್ಲೇ ಕಾಣುತ್ತದೆ. ಚಕ್ರ ಬಿಚ್ಚಿದ್ದರೆ ನೂರು ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಒಂದು ಬಿಟ್ಟು ಒಂದರಂತೆ ಮತ್ತೊಮ್ಮೆ ಬಿಗಿಮಾಡಿಸಿ.